ಚಿಟ್ಟೆಯ ಚಿತ್ರವೂ ಅದರ ಹೆಸರೂ

ಚಿಟ್ಟೆಗಳ ಬೆನ್ನುಹತ್ತಿ ಹೋಗುವವರ ಕೈಯಲ್ಲಿ ಹಿಂದೆ ಬಲೆ ಇರುತ್ತಿತ್ತು. ಈಗ ಕ್ಯಾಮೆರಾ ಇರುತ್ತದೆ. ಈ ಬದಲಾವಣೆಯನ್ನು ಯಾರೂ ಹಳಿಯಲಾರರು. ಬಲೆಗೆ ಬಿದ್ದ ಚಿಟ್ಟೆ ಗುಂಡುಸೂಜಿಯ ಕೆಳಗೆ ಒಣಗುತ್ತಿತ್ತು. ಕ್ಯಾಮೆರಾಕ್ಕೆ ಸಿಕ್ಕ ಚಿಟ್ಟೆ ತನ್ನ ಪಾಡಿಗೆ ತಾನು ಹಾರಿಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗಳಲ್ಲಿ ಅನೇಕ ಚಿಟ್ಟೆಗಳು ಸೇರಿದ ಮೇಲಂತೂ ಹವ್ಯಾಸಿಗಳ ಪಾಲಿಗೆ ಉಳಿದಿರುವ ನಿರ್ಬಾಧಕವಾದ ಮಾರ್ಗ ಬಹುಮಟ್ಟಿಗೆ ಇದೊಂದೇ. ಈ ಮಾರ್ಗದಲ್ಲಿ ನಾವು ಗಳಿಸಿದುದು ಬಹಳ. ಕಳೆದುಕೊಂಡುದೂ ಉಂಟೇ ಎಂಬುದನ್ನು ತಿಳಿಯಬೇಕಾದರೆ ಚಿಟ್ಟೆಗಳನ್ನು ಗುರುತಿಸಲು ಕಲಿಸುವ ಪುಸ್ತಕಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಓದಬೇಕು. ಇವುಗಳನ್ನು ಸಾಹಿತ್ಯವೆಂದು ಯಾರೂ ಎಣಿಸುವುದಿಲ್ಲ. ಆದರೂ ಕಂಡುದನ್ನು ಕಂಡಂತೆ ಮಾತಿನಲ್ಲಿ ಹಿಡಿಯುವ ಕಷ್ಟ ಇಲ್ಲಿರುವಷ್ಟು ಬೇರೆ ಗದ್ಯದಲ್ಲಿ ವಿರಳ. ಆದುದರಿಂದ ವಿಮರ್ಶೆಯ ಕಣ್ಣಿನಿಂದ ಇವನ್ನು ನೋಡುವುದು ಅನುಚಿತವಾಗಲಾರದು.

ಬ್ರಿಗೇಡಿಯರ್ ಡಬ್ಲ್ಯು. ಎಚ್. ಇವಾನ್ಸ್ ಅವರ ‘ದಿ ಐಡೆಂಟಿಫಿಕೇಷನ್ ಆಫ್ ಇಂಡಿಯನ್ ಬಟರ್‌ಫ್ಲೈಸ್’ ಪುಸ್ತಕರೂಪದಲ್ಲಿ 1927ರಲ್ಲಿ ಹೊರಬಂದಿತು. ಅದು ಓದುವ ಪುಸ್ತಕವಲ್ಲ. ಲೆಕ್ಕದಂತೆ ಬಿಡಿಸುವ ಪುಸ್ತಕ. ಮುಂದಿನ ರೆಕ್ಕೆಗೆ ಒಂದು ಅಕ್ಷರ, ಹಿಂದಿನ ರೆಕ್ಕೆಗೆ ಇನ್ನೊಂದು, ಮೇಲ್ಮೈಗೆ ಒಂದು ಸಂಕೇತ, ಕೆಳಮೈಗೆ ಮತ್ತೊಂದು. ಹೀಗೆ ಸಂಕೇತಗಳನ್ನು ಜೋಡಿಸಿ ‘ಇದಾದರೆ ಇತ್ತ, ಅದಾದರೆ ಅತ್ತ’ ಎಂದು ಓದುಗನನ್ನು ಕೈಹಿಡಿದು ಒಂದು ಹೆಸರಿಗೆ ತಲುಪಿಸುತ್ತದೆ. ಕೈಯಲ್ಲಿ ಸತ್ತ ಚಿಟ್ಟೆ ಇದ್ದವನಿಗೆ ಇದಕ್ಕಿಂತ ನಂಬಿಕೆಯ ಒಡನಾಡಿ ಬೇರೊಂದಿರಲಿಲ್ಲ. ಆದರೆ ಹಾರುವ ಚಿಟ್ಟೆ ಈ ಪುಸ್ತಕದಲ್ಲಿ ಕಾಣುವುದು ಅಪೂರ್ವ.

ಆ ಕೊರತೆಯನ್ನು ತುಂಬಿದವರು ಎಂ. ಎ. ವಿಂಟರ್-ಬ್ಲೈತ್. ವೃತ್ತಿಯಿಂದ ಅವರು ಅಧ್ಯಾಪಕರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1957ರಲ್ಲಿ ಪ್ರಕಟಿಸಿದ ಅವರ ‘ಬಟರ್‌ಫ್ಲೈಸ್ ಆಫ್ ದಿ ಇಂಡಿಯನ್ ರೀಜನ್’ ಗ್ರಂಥದಲ್ಲಿ ಗುರುತಿನ ಸೂತ್ರಗಳೂ ಇವೆ, ಜೀವಂತ ಚಿಟ್ಟೆಯೂ ಇದೆ. ಅದು ಎತ್ತರದಲ್ಲಿ ಹಾರುವುದೋ ನೆಲಕ್ಕೆ ಹತ್ತಿ ಹಾರುವುದೋ, ಬಿಸಿಲನ್ನು ಬಯಸುವುದೋ ನೆರಳನ್ನೋ, ಯಾವ ಕಾಡಿನಲ್ಲಿ ಯಾವ ಋತುವಿನಲ್ಲಿ ಸಿಕ್ಕುವುದು ಎಂಬುದನ್ನೆಲ್ಲ ಪಾಠ ಹೇಳಿ ಬಲ್ಲ ಮನುಷ್ಯನ ನಿರಾಡಂಬರ ಮಾತಿನಲ್ಲಿ ಅವರು ಹೇಳುತ್ತಾರೆ. ಬಹುಕಾಲ ಈ ದೇಶದ ಹವ್ಯಾಸಿಗಳು ಇದೊಂದನ್ನೇ ನಂಬಿದ್ದುದು ಸಹಜವಾಗಿಯೇ ಇದೆ.

ಅನಂತರ ಬಂದುದು ಛಾಯಾಚಿತ್ರದ ಯುಗ. ಕೃಷ್ಣಮೇಘ ಕುಂಟೆಯವರ ‘ಬಟರ್‌ಫ್ಲೈಸ್ ಆಫ್ ಪೆನಿನ್ಸುಲಾರ್ ಇಂಡಿಯಾ’ 2000ದಲ್ಲಿಯೂ, ಐಸಾಕ್ ಕೆಹಿಮ್ಕರ್ ಅವರ ‘ದಿ ಬುಕ್ ಆಫ್ ಇಂಡಿಯನ್ ಬಟರ್‌ಫ್ಲೈಸ್’ 2008ರಲ್ಲಿಯೂ ಪ್ರಕಟವಾದವು. ಕೆಹಿಮ್ಕರ್ ಅವರ ಗ್ರಂಥದ ಬಲವೆಂದರೆ ಹೂವಿನ ಮೇಲೆ, ಎಲೆಯ ಮೇಲೆ, ಒದ್ದೆ ಮಣ್ಣಿನ ಮೇಲೆ ಕುಳಿತ ಚಿಟ್ಟೆಗಳ ಬಣ್ಣದ ಚಿತ್ರಗಳು. ಹಳೆಯ ಪುಸ್ತಕಗಳ ಫಲಕಗಳಲ್ಲಿ ರೆಕ್ಕೆಗಳನ್ನು ಎಳೆದು ಚಪ್ಪಟೆಯಾಗಿ ಹರಡಿದ ಚಿಟ್ಟೆಗಳಿದ್ದುವು. ಜೀವ ಇರುವ ಚಿಟ್ಟೆ ಸಾಮಾನ್ಯವಾಗಿ ಹಾಗೆ ಕೂರುವುದೇ ಇಲ್ಲ. ಈ ದೃಷ್ಟಿಯಿಂದ ಹೊಸ ಚಿತ್ರಗಳು ಹೆಚ್ಚು ಪ್ರಾಮಾಣಿಕವಾದುವು. ಕುಂಟೆಯವರ ಪುಸ್ತಕದಲ್ಲಿ ಚಿತ್ರಕ್ಕಿಂತ ಮಾತಿಗೆ ಅಗ್ರಸ್ಥಾನ. ಚಿಟ್ಟೆಯ ವರ್ಣನೆಯ ಜೊತೆಗೆ ಅದರ ನಡವಳಿಕೆ, ನೆಲೆ, ಹುಳು ತಿನ್ನುವ ಗಿಡ ಇವೆಲ್ಲ ಅಲ್ಲಿ ಬರುತ್ತವೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಕುಂಟೆಯವರದನ್ನು ಆರಿಸುವುದು ಮೇಲೆಂದು ನನ್ನ ಅಭಿಪ್ರಾಯ. ಇದಕ್ಕೆ ಕಾರಣ ರುಚಿಭೇದವಷ್ಟೇ ಅಲ್ಲ. ಚಿತ್ರ ತೋರಿಸುವುದು ಒಂದು ಚಿಟ್ಟೆಯನ್ನು, ಅದರ ಬಾಳಿನ ಒಂದು ಕ್ಷಣದಲ್ಲಿ. ವರ್ಣನೆ ಹೇಳುವುದು ಆ ಜಾತಿಯ ಎಲ್ಲ ಚಿಟ್ಟೆಗಳಿಗೂ ಸಲ್ಲುವ ಮಾತನ್ನು. ನಮ್ಮ ಕೈಯ ಚಿತ್ರವನ್ನು ಪುಸ್ತಕದ ಚಿತ್ರಕ್ಕೆ ಹೋಲಿಸಿ ಹೆಸರಿಡಹೊರಟಾಗ ಈ ಭೇದ ಮರೆತುಹೋಗುತ್ತದೆ.

ಉದಾಹರಣೆಗಳನ್ನು ನೋಡೋಣ. ಬೆಂಗಳೂರಿನಲ್ಲಿ ಮನೆಯ ಮುಂದೆ ಕರಿಬೇವಿನ ಗಿಡ ಇಟ್ಟವರೆಲ್ಲ ಅದರ ಎಲೆ ಮೇಯುವ ಹುಳುವನ್ನು ಕಂಡಿರುತ್ತಾರೆ. ಎಳೆಯದರಲ್ಲಿ ಹಕ್ಕಿಯ ಹಿಕ್ಕೆಯಂತೆಯೂ ಬಲಿತ ಮೇಲೆ ಹಸಿರಾಗಿಯೂ ಕಾಣುವ ಈ ಹುಳು ಅನೇಕ ಸಲ ‘ಕಾಮನ್ ಮಾರ್ಮನ್’ ಎಂಬ ಚಿಟ್ಟೆಯದು. ಅದರ ಗಂಡು ಕಪ್ಪು, ಹಿಂದಿನ ರೆಕ್ಕೆಗೆ ಬಿಳಿಯ ಪಟ್ಟಿ. ಹೆಣ್ಣಿಗಾದರೋ ಮೂರು ರೂಪ. ಒಂದು ಗಂಡಿನಂತೆಯೇ, ಇನ್ನೊಂದು ‘ಕಾಮನ್ ರೋಸ್’ ಎಂಬ ಬೇರೆ ಚಿಟ್ಟೆಯಂತೆ, ಮೂರನೆಯದು ‘ಕ್ರಿಮ್ಸನ್ ರೋಸ್’ನಂತೆ. ರೋಸ್ ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿಯ ಜಾತಿಯ ವಿಷದ ಎಲೆ ತಿಂದು ಬೆಳೆಯುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ಆ ಕೀರ್ತಿಯ ನೆರಳಿನಲ್ಲಿ ಮಾರ್ಮನ್ ಹೆಣ್ಣು ಬದುಕಿಕೊಳ್ಳುತ್ತದೆ. ರೆಕ್ಕೆಗಳನ್ನು ಮಾತ್ರ ನೋಡಿದವನು ಹಕ್ಕಿಯಂತೆಯೇ ಮೋಸಹೋಗುತ್ತಾನೆ. ಮೈಯನ್ನು ನೋಡಬೇಕು: ರೋಸ್‌ಗಳ ಮೈ ಕೆಂಪು, ಮಾರ್ಮನ್‌ನದು ಕಪ್ಪು. ರೆಕ್ಕೆಯ ಬೆಡಗಿಗೆ ಮನಸೋತು ಮೈಯನ್ನು ಮಸಕುಮಾಡಿದ ಚಿತ್ರ ಎಷ್ಟೇ ಸುಂದರವಾಗಿರಲಿ, ಈ ಪ್ರಶ್ನೆಗೆ ಉತ್ತರ ಕೊಡಲಾರದು.

ಹುಲ್ಲಿನ ಮೇಲೆ ತಗ್ಗಿನಲ್ಲಿ ಹಾರಾಡುವ ಹಳದಿ ಚಿಟ್ಟೆಗಳ ವಿಷಯ ಇನ್ನೂ ಸೂಕ್ಷ್ಮ. ‘ಗ್ರಾಸ್ ಯೆಲ್ಲೋ’ ಎಂಬ ಇವುಗಳಲ್ಲಿ ಹಲವು ಜಾತಿಗಳಿವೆ. ಮುಂದಿನ ರೆಕ್ಕೆಯ ಕೆಳಮೈಯಲ್ಲಿ, ನರಗಳು ಸುತ್ತುವರಿದ ಒಂದು ಮನೆಯೊಳಗೆ, ಒಂದು ಚುಕ್ಕೆಯಿದ್ದರೆ ಒಂದು ಜಾತಿ, ಎರಡಿದ್ದರೆ ಇನ್ನೊಂದು, ಮೂರಿದ್ದರೆ ಮತ್ತೊಂದು. ‘ಈವನಿಂಗ್ ಬ್ರೌನ್’ ಎಂಬ ಕಂದು ಚಿಟ್ಟೆಯದು ಬೇರೆಯೇ ಬಗೆ. ಮಳೆಗಾಲದಲ್ಲಿ ಹುಟ್ಟಿದುದರ ರೆಕ್ಕೆಯ ಕೆಳಮೈಯಲ್ಲಿ ಕಣ್ಣುಗಳ ಸಾಲು ಎದ್ದುಕಾಣುತ್ತದೆ. ಬೇಸಗೆಯದರಲ್ಲಿ ಆ ಕಣ್ಣುಗಳು ಅಳಿದು ರೆಕ್ಕೆ ಒಣಗಿದ ತರಗೆಲೆಯಂತಾಗುತ್ತದೆ. ಇವೆರಡರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಒಂದೇ ಜಾತಿಯೆಂದು ಹೊಸಬರು ಒಪ್ಪಲಾರರು. ಇಲ್ಲಿ ಚಿತ್ರ ತೆಗೆದ ತಿಂಗಳು ಗೊತ್ತಿಲ್ಲದೆ ಚಿತ್ರವೇ ಅರ್ಧವಾಗುತ್ತದೆ.

ಇಷ್ಟೆಲ್ಲ ಚಿಟ್ಟೆಗಳ ಮಾತಾಯಿತು. ಭಾರತದಲ್ಲಿ ಅವುಗಳ ಜಾತಿ ಸುಮಾರು 1,300ಕ್ಕೆ ಮೇಲ್ಪಟ್ಟು. ಪತಂಗಗಳಾದರೋ 10,000ಕ್ಕೂ ಹೆಚ್ಚು. ಜಿ. ಎಫ್. ಹ್ಯಾಂಪ್ಸನ್ 1892ರಿಂದ 1896ರವರೆಗೆ ನಾಲ್ಕು ಸಂಪುಟಗಳಲ್ಲಿ ಅವನ್ನು ವರ್ಣಿಸಿದರು. ಅಂದಿನಿಂದ ಹೆಸರುಗಳು ಎಷ್ಟೋ ಬದಲಾಗಿದ್ದರೂ ಈ ಕ್ಷೇತ್ರಕ್ಕೆ ಬಂದವರು ಇಂದಿಗೂ ಆ ಸಂಪುಟಗಳ ಬಾಗಿಲು ತಟ್ಟಬೇಕಾಗುತ್ತದೆ. ಪತಂಗಗಳ ಚಿತ್ರ ತೆಗೆಯುವವರು ಕತ್ತಲೆ ರಾತ್ರಿಯಲ್ಲಿ ಬಿಳಿಯ ಪಂಚೆ ಕಟ್ಟಿ, ಮುಂದೆ ದೀಪ ಹಚ್ಚಿ ಕಾಯುತ್ತಾರೆ. ಬೆಳುದಿಂಗಳಿಗಿಂತ ಅಮಾವಾಸ್ಯೆಯ ಸುತ್ತಿನ ದಿನಗಳು ಮೇಲು. ಪಂಚೆಯ ಮೇಲೆ ಬಂದು ಕುಳಿತವುಗಳಲ್ಲಿ ಕೆಲವು ರೆಕ್ಕೆಯನ್ನು ಬಟ್ಟೆಗೆ ಅಂಟಿಸಿದಂತೆ ಹರಡುತ್ತವೆ, ಕೆಲವು ಮಾಳಿಗೆಯ ಮಾಡಿನಂತೆ ಇಳಿಬಿಡುತ್ತವೆ, ಕೆಲವು ಕಡ್ಡಿಯಂತೆ ಸುತ್ತಿಕೊಳ್ಳುತ್ತವೆ. ಕೂರುವ ಈ ಭಂಗಿಯೇ ಎಷ್ಟೋ ಸಲ ಕುಲವನ್ನು ಸೂಚಿಸುತ್ತದೆ. ಸೂಜಿಯಲ್ಲಿ ಚುಚ್ಚಿಟ್ಟ ಪತಂಗದಲ್ಲಿ ಅದು ನಾಶವಾಗುತ್ತಿತ್ತು. ಛಾಯಾಚಿತ್ರದ ನಿಜವಾದ ಗೆಲುವು ಇಲ್ಲಿದೆ. ಆದರೆ ಅದರ ಮಿತಿಯೂ ಇಲ್ಲಿಯೇ ಇದೆ. ಅನೇಕ ಬೂದು, ಕಂದು ಪತಂಗಗಳನ್ನು ಸೀಳಿ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಜಾತಿ ನಿರ್ಣಯಿಸಲು ಬರುವುದಿಲ್ಲ. ಅಂಥ ಚಿತ್ರದ ಕೆಳಗೆ ಕುಲದ ಹೆಸರನ್ನಷ್ಟೇ ಬರೆದು ನಿಲ್ಲುವುದು ಜಾಣತನವೂ ಹೌದು, ಸತ್ಯವೂ ಹೌದು.

ರೆಕ್ಕೆಯ ಚಿತ್ರ ಮೂಕವಾಗುವ ಸ್ಥಳದಲ್ಲಿ ಹುಳು ಮಾತನಾಡುತ್ತದೆ. ಇದನ್ನು ನಮ್ಮ ಕಾರವಾರದಲ್ಲಿ ಕೂತು ತೋರಿಸಿಕೊಟ್ಟವರು ಮೂವರು: ಕಲೆಕ್ಟರಾಗಿದ್ದ ಜೆ. ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಸುಂಕ ಮತ್ತು ಉಪ್ಪಿನ ಇಲಾಖೆಯ ಇ. ಎಚ್. ಐಟ್‌ಕೆನ್. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಮೇಲೆ 1896ರ ಸುಮಾರಿಗೆ ಇವರು ಬರೆದ ಲೇಖನಗಳಲ್ಲಿ ಮೊಟ್ಟೆ, ಹುಳು, ಕೋಶಗಳ ವಿವರಗಳು ಪುಟಪುಟಗಳಷ್ಟಿವೆ. ಬೆಲ್ ಅವರು 1909ರಿಂದ ಬಯಲಿನ ಸಾಮಾನ್ಯ ಚಿಟ್ಟೆಗಳ ಮೇಲೆ ದೀರ್ಘವಾದ ಲೇಖನಮಾಲೆಯನ್ನೇ ಬರೆದರು. ನಿವೃತ್ತರಾದ ಮೇಲೂ ಕಾರವಾರವನ್ನು ಬಿಡದೆ 1948ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ನೆಲಸಿದರು. ಹುಳುವನ್ನು ತಂದು, ಅದಕ್ಕೆ ಬೇಕಾದ ಎಲೆ ಹುಡುಕಿ ಹಾಕಿ, ಅದು ಕೋಶ ಕಟ್ಟಿ ಹೊರಬರುವವರೆಗೆ ಕಾಯುವುದು ಅವರ ಪದ್ಧತಿ. ಒಂದು ಗುಂಡಿ ಒತ್ತಿ ಮುಗಿಸುವ ಕೆಲಸ ಅದಾಗಿರಲಿಲ್ಲ. ಆ ಕಾಯುವಿಕೆ ಅವರ ಗದ್ಯದಲ್ಲಿಯೂ ಕಾಣುತ್ತದೆ. ಕಂಡುದನ್ನು ಅವಸರದಲ್ಲಿ ಹೇಳಿಬಿಡುವ ಚಟ ಅದಕ್ಕಿಲ್ಲ.

ಇದೆಲ್ಲ ಬಿಡುವಿದ್ದವರ ವಿನೋದವೆಂದು ಯಾರಾದರೂ ಹೇಳಬಹುದು. ಅವರು 2018ನ್ನು ನೆನೆಯಬೇಕು. ಅಮೆರಿಕ ಖಂಡದಿಂದ ಹೊರಟು 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟಿದ್ದ ಒಂದು ಬೂದು ಪತಂಗದ ಹುಳು ಭಾರತದಲ್ಲಿ ಮೊದಲು ಪತ್ತೆಯಾದುದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ, ಆ ವರ್ಷದ ಮೇ ತಿಂಗಳಲ್ಲಿ. ಇದೇ ಫಾಲ್ ಸೈನಿಕ ಹುಳು. ಇಲ್ಲಿಯೇ ಮೊದಲಿನಿಂದ ಇದ್ದ ಸೈನಿಕ ಹುಳುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ತಲೆಯ ಮೇಲಿನ ತಲೆಕೆಳಗಾದ ಕವಲುಗೆರೆಯಲ್ಲಿ, ಹಿಂಭಾಗದಲ್ಲಿ ಚೌಕವಾಗಿ ನಿಂತ ನಾಲ್ಕು ಚುಕ್ಕೆಗಳಲ್ಲಿ ಇದೆ. ಆ ಗೆರೆಯನ್ನೂ ಚುಕ್ಕೆಗಳನ್ನೂ ನೋಡಬಲ್ಲ ಕಣ್ಣುಗಳು ಅಲ್ಲಿದ್ದುದರಿಂದ ಎಚ್ಚರಿಕೆ ಹೊರಟಿತು. ಹೆಸರು ತಪ್ಪಿದ್ದರೆ ರೈತನಿಗೆ ಹೇಳುವ ಪರಿಹಾರವೂ ತಪ್ಪುತ್ತಿತ್ತು.

ರೈತನ ಮಾತು ಬಂದುದರಿಂದ ಭಾಷೆಯ ಪ್ರಶ್ನೆಯೂ ಬರುತ್ತದೆ. ಇಂಗ್ಲಿಷಿನಲ್ಲಿ ನಮ್ಮ ಚಿಟ್ಟೆಗಳಿಗೆ ಕಮಾಂಡರ್, ಸಾರ್ಜೆಂಟ್, ಬ್ಯಾರನ್, ನವಾಬ್, ರಾಜಾ ಎಂದು ಹೆಸರು. ಬ್ರಿಟಿಷರ ದಂಡಿನ ಪಾಳೆಯವೂ ದರ್ಬಾರೂ ಒಟ್ಟಿಗೆ ಹಾರಿಬಂದಂತೆ ಕಾಣುತ್ತದೆ. ಕನ್ನಡದಲ್ಲಿ ಚಿಟ್ಟೆ, ಪಾತರಗಿತ್ತಿ, ಪತಂಗ ಎಂದು ಮುಗಿಸಿ ನಮ್ಮಲ್ಲಿ ಪದಗಳಿಲ್ಲವೆಂದು ಕೈಚೆಲ್ಲುವವರಿದ್ದಾರೆ. ಇದು ಸರಿಯಲ್ಲ. ರಾಮನಗರದ ಕಡೆಯ ರೇಷ್ಮೆ ಬೆಳೆಗಾರರ ಮಾತನ್ನು ಕೇಳಿರಿ. ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ತಲೆಯೆತ್ತಿ ಕೂತರೆ ಅದಕ್ಕೆ ‘ಜ್ವರ’. ನಾಲ್ಕು ಜ್ವರ ಕಳೆದು ಮೈ ತಿಳಿಯಾದರೆ ‘ಹಣ್ಣು ಹುಳು’. ಅದನ್ನು ಬಿಡುವ ಬಿದಿರಿನ ತಟ್ಟಿ ‘ಚಂದ್ರಿಕೆ’. ಹೊಲದವರಲ್ಲಿ ಕಾಯಿಕೊರಕ, ಕಾಂಡಕೊರಕ, ಎಲೆ ಸುರುಳಿ ಹುಳು ಎಂಬ ಹೆಸರುಗಳಿವೆ. ಇವೆಲ್ಲವೂ ಪತಂಗದ ಮರಿಗಳ ಹೆಸರುಗಳೇ. ರೆಕ್ಕೆಯ ಬಣ್ಣದಿಂದ ಬಾರದೆ ಹುಳು ಮಾಡುವ ಕೆಲಸದಿಂದ ಬಂದುವು. ಬದುಕಿಗೆ ಬೇಕಾದಲ್ಲಿ ಕನ್ನಡ ಕಣ್ಣುಬಿಟ್ಟು ನೋಡಿದೆ. ಬೇಂದ್ರೆಯವರ ‘ಪಾತರಗಿತ್ತಿ ಪಕ್ಕ’ವನ್ನು ಓದಿದವರಿಗೆ ರೆಕ್ಕೆಯ ಬಣ್ಣಗಳಿಗೆ ನಮ್ಮಲ್ಲಿ ಮಾತಿನ ಬಡತನವಿದೆಯೆಂದು ಹೇಳಲು ಬಾಯಿ ಬಾರದು.

ಆದುದರಿಂದ ಕನ್ನಡದಲ್ಲಿ ಚಿಟ್ಟೆಗಳ ಕೈಪಿಡಿ ಬರೆಯುವವರು ಇಂಗ್ಲಿಷ್ ಹೆಸರನ್ನು ಪದಶಃ ತಿರುಗಿಸಿ ಚಿತ್ರದ ಕೆಳಗೆ ಅಂಟಿಸುವುದರಿಂದ ತೃಪ್ತರಾಗಬಾರದು. ಇವಾನ್ಸರ ಕಟ್ಟುನಿಟ್ಟು, ವಿಂಟರ್-ಬ್ಲೈತರ ನಿರೂಪಣೆ, ಬೆಲ್ಲರ ತಾಳ್ಮೆ ಇವುಗಳ ಜೊತೆಗೆ ನಮ್ಮ ಬೆಳೆಗಾರನ ಪದಸಂಪತ್ತೂ ಅವರಿಗೆ ಬೇಕು. ಚಿತ್ರ ತೆಗೆಯುವ ಹವ್ಯಾಸಿಗಳಿಂದ ಕೇಳಬಹುದಾದುದು ಇಷ್ಟು: ಮೇಲ್ಮೈಯದೊಂದು, ಕೆಳಮೈಯದೊಂದು, ಮೈ ಸ್ಪಷ್ಟವಾಗಿ ಕಾಣುವಂಥದೊಂದು ಚಿತ್ರ, ಜೊತೆಗೆ ಊರು, ದಿನಾಂಕ, ಅದು ಕುಳಿತಿದ್ದ ಗಿಡ. ಚಿಟ್ಟೆಯನ್ನು ತಂಪುಪೆಟ್ಟಿಗೆಯಲ್ಲಿಟ್ಟು ಮಂಕುಮಾಡಿ ಹೂವಿನ ಮೇಲೆ ಕೂರಿಸಿ ತೆಗೆಯುವ ಚಿತ್ರ ಬೇಡವೇ ಬೇಡ. ಅದರಲ್ಲಿ ಗಿಡವೂ ಸುಳ್ಳು, ಭಂಗಿಯೂ ಸುಳ್ಳು. ಊರು, ದಿನಾಂಕಗಳಿರುವ ಸಾಧಾರಣ ಚಿತ್ರವೊಂದು ಐವತ್ತು ವರ್ಷಗಳ ಅನಂತರ ಈ ಚಿಟ್ಟೆ ಇಲ್ಲಿ ಇದ್ದಿತು ಎಂದು ಸಾಕ್ಷಿ ನುಡಿದೀತು. ಆ ಕೆರೆಯಂಚು, ಆ ಹುಲ್ಲುಗಾವಲು ಆಗ ಉಳಿದಿರದಿದ್ದರೂ ನುಡಿದೀತು.