ಟೈಂಪಾಸ್ ಅನ್ನಬ್ಯಾಡ್ರಿ

ನೀರಿನ ಹರವಿಗೆ ಹಸಿ ಬಟ್ಟೆ ಸುತ್ತಿ, ಅದಕ್ಕೆ ಫೋನಿನ ಬೆನ್ನು ತಾಗಿಸಿ ನಿಲ್ಲಿಸುವ ವಿದ್ಯೆಯನ್ನು ನಾನು ಕಲಿತದ್ದು 2020ರ ಮೇ ಕೊನೆಯಲ್ಲಿ, ಯಾದಗಿರಿ ಪಕ್ಕದ ಮುದನಾಳದ ಅಕ್ಕನ ಮನೆಯಲ್ಲಿ, ಅಕ್ಕನ ಮಗನಿಂದ. ಪುಣೆಯಲ್ಲಿ ಗೌಂಡಿ ಕೆಲಸಕ್ಕಿದ್ದ ಹುಡುಗ. ಕ್ವಾರಂಟೈನ್ ಮುಗಿಸಿ ಮನೆಗೆ ಬಂದು ವಾರವೂ ಆಗಿರಲಿಲ್ಲ. ಕಾಲೇಜು ಮುಚ್ಚಿದ್ದರಿಂದ ನಾನೂ ಅಲ್ಲೇ ಇದ್ದೆ. ಎರಡು ಜಿಬಿ ರ್‍ಯಾಮಿನ ಹಳೆಯ ಫೋನು, ಮಾಳಿಗೆ ಮೇಲೆ ಮಾತ್ರ ಸಿಗುವ ಸಿಗ್ನಲ್ಲು, ನೆತ್ತಿ ಸುಡುವ ಬಿಸಿಲು. ಫ್ರೀ ಫೈರ್‌ನ ಒಂದು ಆಟ ಮುಗಿಯುವಷ್ಟರಲ್ಲಿ ಫೋನು ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಹತ್ತು ನಿಮಿಷ ಆಟ, ಐದು ನಿಮಿಷ ಹರವಿ, ಮತ್ತೆ ಹತ್ತು ನಿಮಿಷ ಆಟ. ಎರಡು ದಿನ ಸುಮ್ಮನೆ ನೋಡಿದೆ. ಮೂರನೇ ದಿನ ಫೋನು ಕಸಿದು ಜೋಳದ ಚೀಲಗಳ ಸಂದಿಗೆ ತುರುಕಿದೆ. "ಸಾಕು ಟೈಂಪಾಸ್" ಅಂದೆ.

"ಟೈಂಪಾಸ್ ಯಾರ್ ಮಾಡಕತ್ಯಾರ ಮಾಮಾ? ಅಲ್ಲೆ ಮೂರು ಮಂದಿ ನನ್ನ ಹಾದಿ ನೋಡಕತ್ಯಾರ" ಅಂದ.

ಆ ಮೂವರು ಯಾರೆಂದು ಕೇಳುವ ಬುದ್ಧಿ ನನಗೆ ಬಂದದ್ದು ಸಂಜೆ. ಪುಣೆಯಲ್ಲಿ ಒಂದೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದ ಗೆಳೆಯರು. ಒಬ್ಬ ಸುರಪುರದ ಕಡೆಯವನು, ಇನ್ನೊಬ್ಬ ನಾರಾಯಣಪೇಟೆಯವನು, ಮತ್ತೊಬ್ಬ ಸೊಲ್ಲಾಪುರ ಸೀಮೆಯವನು. ಕೆಲಸ ನಿಂತ ಮೇಲೆ ನಾಲ್ವರೂ ನಾಲ್ಕು ದಿಕ್ಕಿಗೆ ಚದುರಿ, ಮತ್ತೆ ಒಂದಾಗುತ್ತಿದ್ದದ್ದು ಆ ಆಟದ ನಾಲ್ಕು ಜನರ ತಂಡದಲ್ಲಿ ಮಾತ್ರ. ಐವತ್ತು ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಸುರಕ್ಷಿತ ವಲಯ ನಿಮಿಷ ನಿಮಿಷಕ್ಕೂ ಕಿರಿದಾಗುತ್ತ ಬರುತ್ತದೆ, ಕೊನೆಗೆ ಉಳಿದವರು ಗೆದ್ದ ಹಾಗೆ. ಹೊರಗೆ ಓಣಿಯ ಬಾಯಿಗೆ ಕಟ್ಟಿಗೆ ಅಡ್ಡ ಕಟ್ಟಿದ್ದ ಕಾಲದಲ್ಲಿ ಆ ಆಟ ಅವರಿಗೆ ಅರ್ಥವಾದಷ್ಟು ನನಗೆ ಯಾವ ಲೇಖನವೂ ಅರ್ಥವಾಗಿರಲಿಲ್ಲ.

ಕೊರೊನಾ ಕಾಲದ ಸಿನಿಮಾ, ಹಾಡು, ಆಟಗಳ ಬಗ್ಗೆ ನಮ್ಮಲ್ಲಿ ಎರಡು ಮಾತು ಗಟ್ಟಿಯಾಗಿ ಕೂತುಬಿಟ್ಟಿವೆ. ಒಂದು ಬೆಂಗಳೂರಿನದು: ಆ ಬಿಡುವಿನಲ್ಲಿ ನಾವು ಒಳ್ಳೆಯ ಸಿನಿಮಾ ಹುಡುಕಿಕೊಂಡೆವು, ಹಳೆಯ ಗಿಟಾರು ಕೆಳಗಿಳಿಸಿದೆವು, ಒಟಿಟಿ ಬಂದು ನಮ್ಮ ಅಭಿರುಚಿ ತಿದ್ದಿತು. ಇನ್ನೊಂದು ನಮ್ಮ ಊರ ಕಟ್ಟೆಯದು, ಮೇಷ್ಟ್ರುಗಳದು, ನನ್ನದೂ ಆಗಿತ್ತು: ಲಾಕ್‌ಡೌನಿನಾಗ ಹುಡುಗರು ಮೊಬೈಲಿಗೆ ಬಿದ್ದು ಹಾಳಾದ್ವು. ಮೇಲ್ನೋಟಕ್ಕೆ ಎದುರು ಬದುರು ಕಾಣುವ ಈ ಮಾತುಗಳು ಒಂದೇ ಬಾವಿಯ ನೀರು. ಸೋಫಾದಲ್ಲಿ ಕೂತವನು ನೋಡಿದರೆ ಅಭಿರುಚಿ, ಮಾಳಿಗೆಯಲ್ಲಿ ಕೂತವನು ನೋಡಿದರೆ ಚಟ. ಅದೇ ಫೋನು, ಅದೇ ರಾತ್ರಿ ಎರಡು ಗಂಟೆ. ಹುಚ್ಚು ಹಚ್ಚಿಕೊಳ್ಳಲಿಕ್ಕೂ ಒಂದು ಅಂತಸ್ತು ಬೇಕು ಅಂತ ನಾವೆಲ್ಲ ಒಳಗೊಳಗೇ ನಂಬಿದ್ದೇವೆ. ಈ ನಂಬಿಕೆಯ ಮೇಲೆ ನನ್ನ ತಕರಾರು.

ಮೊದಲು ಒಟಿಟಿಯ ಮಾತು. 2020ರ ಜುಲೈ 17ರಂದು 'ಲಾ' ಚಿತ್ರ ಥಿಯೇಟರ್ ಬಿಟ್ಟು ನೇರ ಪ್ರೈಮ್ ವಿಡಿಯೋದಲ್ಲಿ ಬಂತು. ಪುನೀತ್ ರಾಜಕುಮಾರ್ ಅವರ ಪಿಆರ್‌ಕೆ ಸಂಸ್ಥೆಯದು, ಕನ್ನಡದ ಮಟ್ಟಿಗೆ ಹಾಗೆ ಬಂದ ಮೊದಲನೆಯದು. ವಾರ ತುಂಬುವಷ್ಟರಲ್ಲಿ 'ಫ್ರೆಂಚ್ ಬಿರಿಯಾನಿ'. ಸಿನಿಮಾ ಮನೆಮನೆಗೆ ಬಂತು ಅಂತ ಬರೆದದ್ದೇ ಬರೆದದ್ದು. ಯಾರ ಮನೆಗೆ? ಆಗ ಪ್ರೈಮ್‌ಗೆ ವರ್ಷಕ್ಕೆ 999 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 275. ನಮ್ಮ ಹುಡುಗ ಬದು ಹಾಕುವ ಕೆಲಸಕ್ಕೆ ನಾಲ್ಕು ದಿನ ಸಲಿಕೆ ಹಿಡಿದರೆ ಒಂದು ಚಂದಾ. ಲೆಕ್ಕ ದೊಡ್ಡದಲ್ಲ ಅನ್ನಿಸಬಹುದು. ಕೂಲಿ ಬ್ಯಾಂಕಿನ ಖಾತೆಗೆ ಬೀಳುವ ತನಕ ಕಾಯ್ದವರಿಗೆ ಅದರ ದೊಡ್ಡಸ್ತಿಕೆ ಗೊತ್ತು.

ಆದರೂ ಅವನು 'ದಿಯಾ' ನೋಡಿದ್ದ. ಆ ವರ್ಷದ ಫೆಬ್ರವರಿಯಲ್ಲಿ ಥಿಯೇಟರಿಗೆ ಬಂದಾಗ ಹೆಚ್ಚು ಜನ ನೋಡದ, ಬೀಗ ಬಿದ್ದ ಮೇಲೆ ಪ್ರೈಮ್‌ನಲ್ಲಿ ಜನ ಹುಡುಕಿಕೊಂಡು ಹೋದ ಸಿನಿಮಾ. ಮುದನಾಳಕ್ಕೆ ಅದು ಬಂದದ್ದು ಪ್ರೈಮ್‌ನಿಂದಲ್ಲ, ಶೇರಿಟ್‌ನಿಂದ. ಯಾರೋ ಎಲ್ಲಿಂದಲೋ ಇಳಿಸಿಕೊಂಡ ಪ್ರತಿ, ಒಂದು ಫೋನಿನಿಂದ ಇನ್ನೊಂದಕ್ಕೆ, ಒಂದು ಪೈಸೆ ಡೇಟಾ ಖರ್ಚಿಲ್ಲದೆ. ಎರಡು ಫೋನು ಪಕ್ಕಪಕ್ಕ ಇಟ್ಟು, ಗೆರೆ ನೂರಕ್ಕೆ ಮುಟ್ಟುವ ತನಕ ಎರಡೂ ಕಡೆಯವರು ಉಸಿರು ಬಿಗಿಹಿಡಿದು ಕೂಡುವುದನ್ನು ನೀವು ನೋಡಬೇಕಿತ್ತು. ಮಧ್ಯೆ ಯಾರದಾದರೂ ಕಾಲ್ ಬಂದರೆ ಬೈಗುಳ. ಹಿಂದೆ ಈ ಕೆಲಸಕ್ಕೆ ಯಾದಗಿರಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಅಂಗಡಿಗಳಿದ್ದವು, ಲಾಕ್‌ಡೌನಿನಲ್ಲಿ ಅವೂ ಮುಚ್ಚಿದ್ದವು. ಇದು ಕಳ್ಳ ಪ್ರತಿ, ಒಪ್ಪುತ್ತೇನೆ. ಸಿನಿಮಾ ಮಾಡಿದವನ ಹೊಟ್ಟೆಯ ಮೇಲೆ ಹೊಡೆದದ್ದು ನಿಜ. ಆದರೆ ಕದ್ದು ನೋಡಿದವನಿಗೆ ರುಚಿ ಇಲ್ಲ ಅಂತ ತೀರ್ಮಾನಿಸಿದರೆ ಅದು ಬೇರೆ ತಪ್ಪು. 'ದಿಯಾ'ದ ಕೊನೆಯ ಬಗ್ಗೆ ಅವನು ನನ್ನ ಜೊತೆ ಎರಡು ರಾತ್ರಿ ಜಗಳ ಆಡಿದ. "ಅಷ್ಟು ಚಂದ ಕಟ್ಟಿ, ಕಡೀಗಿ ಹಂಗ ಮಾಡಬಾರದಿತ್ತು. ಅಳಸಾಕಂತನ ಮಾಡ್ಯಾನ" ಅಂದ. ಆ ಸಿನಿಮಾದ ಮೇಲೆ ನಾನು ಓದಿದ ಹೊಗಳಿಕೆಗಳಲ್ಲಿ ಈ ಆಕ್ಷೇಪದಷ್ಟು ನೇರ ಮಾತು ಕಡಿಮೆ.

ಜೂನ್ 29ರ ರಾತ್ರಿ ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಎಲ್ಲರೂ ಬರೆದದ್ದು ಟಿಕ್‌ಟಾಕ್ ಬಗ್ಗೆ. ಹೊಲದ ಬದುವಿನ ಮೇಲೆ ಕುಣಿಯುತ್ತಿದ್ದವರ ಕಾಟ ತಪ್ಪಿತು ಅಂತ ಸಂತೋಷಪಟ್ಟವರು ಅಷ್ಟಿಷ್ಟು ಅಲ್ಲ. ಆ ಪಟ್ಟಿಯಲ್ಲಿ ಶೇರಿಟ್ ಇತ್ತು, ಅದರಂಥದ್ದೇ ಝೆಂಡರ್ ಇತ್ತು. ಮುದನಾಳದಂಥ ಊರುಗಳ ಇಡೀ ಚಿತ್ರವಿತರಣಾ ವ್ಯವಸ್ಥೆ ಒಂದು ರಾತ್ರಿಯಲ್ಲಿ ಕೆಳಗೆ ಬಿದ್ದದ್ದು ಸುದ್ದಿಯೇ ಆಗಲಿಲ್ಲ. ಚೀನಾ ಗಡಿಯ ಗಲಾಟೆಯ ಕಾರಣಕ್ಕೆ ನಿಷೇಧ ಬೇಕಿತ್ತೋ ಬೇಡವೋ ಎಂಬ ಚರ್ಚೆ ಬೇರೆ. ಕನ್ನಡ ಸಿನಿಮಾ ಹಳ್ಳಿಗೆ ಹೇಗೆ ಹೋಗುತ್ತದೆ ಅಂತ ದಿನವಿಡೀ ಮಾತಾಡುವವರಿಗೆ ಅದು ಹೋಗುತ್ತಿದ್ದ ದಾರಿಯ ಹೆಸರೂ ಗೊತ್ತಿರಲಿಲ್ಲ ಅನ್ನುವುದಷ್ಟೇ ನನ್ನ ಮಾತು.

ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಹೋಯಿತು. ನಮ್ಮವನ ಫೋನಿಗೆ ಅದು ಹತ್ತುತ್ತಲೇ ಇರಲಿಲ್ಲವಾದ್ದರಿಂದ ಅವನಿಗೆ ದುಃಖವಾಗಲಿಲ್ಲ. ಬಡವರ ಫ್ರೀ ಫೈರ್ 2022ರ ಫೆಬ್ರವರಿಯ ತನಕ ಉಳಿಯಿತು.

ಇನ್ನು 'ಚಟ' ಅನ್ನುವ ಮಾತು. ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಒಂದು ಕ್ಲಿನಿಕ್ ಇದೆ, ಅಂದರೆ ರೋಗ ಸುಳ್ಳಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸುವಾಗಲೇ ಎಚ್ಚರಿಕೆಯ ಗೆರೆ ಎಳೆದಿದೆ: ಹಿಡಿತ ತಪ್ಪಿರಬೇಕು, ಓದು, ಕೆಲಸ, ಸಂಸಾರ ಕೆಟ್ಟಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹಾಗೆ ನಡೆದಿರಬೇಕು. ನಾನು ಎರಡು ದಿನ ನೋಡಿ ರೋಗನಿರ್ಣಯ ಮಾಡಿದ್ದೆ. ಕೆಲಸವೇ ಇಲ್ಲದ ಹುಡುಗನಿಗೆ ಕೆಲಸ ಕೆಟ್ಟಿತು ಅಂದಿದ್ದೆ. ದುಡ್ಡು ಕಟ್ಟಿ ಆಡುವ ರಮ್ಮಿಯನ್ನು ದಯವಿಟ್ಟು ಈ ಸಾಲಿಗೆ ಎಳೆಯಬೇಡಿ, ಅದು ಜೂಜು. 2021ರಲ್ಲಿ ನಮ್ಮ ಸರ್ಕಾರ ಅದನ್ನು ತಡೆಯಲು ಕಾನೂನು ತಂದು, ಮುಂದಿನ ವರ್ಷ ಹೈಕೋರ್ಟಿನಲ್ಲಿ ಅದು ನಿಲ್ಲದೆ ಹೋದಾಗ ನನಗೂ ಬೇಸರವಾಗಿತ್ತು. ಎರಡನ್ನೂ ಒಂದೇ ಮೂಟೆಗೆ ಕಟ್ಟಿದರೆ ಜೂಜಿಗೇ ಲಾಭ.

ಹಿರಿಯರ ಇನ್ನೊಂದು ಕೊರಗು ಇದೆ. ಒಟ್ಟಿಗೆ ಕೂತು ನೋಡುವುದು ಹೋಯಿತು, ಬಯಲಾಟ ನಿಂತಿತು, ಭಜನೆ ನಿಂತಿತು, ಎಲ್ಲರೂ ಕಿವಿಗೆ ಕಡ್ಡಿ ಸಿಕ್ಕಿಸಿಕೊಂಡು ಒಂಟಿಯಾದರು. ಆ ವರ್ಷ ಮೊಹರಂನ ಪದಗಳೂ ಬೀದಿಗೆ ಬರಲಿಲ್ಲ. ಈ ಕೊರಗಿನ ನೋವು ನನಗೂ ಇದೆ. ಆದರೆ 'ಒಟ್ಟಿಗೆ' ಅನ್ನುವ ಮಾತನ್ನು ಸ್ವಲ್ಪ ಹತ್ತಿರ ಹಿಡಿದು ನೋಡಿ. ಬಯಲಾಟದ ಮುಂದಿನ ಸಾಲು ಯಾರದು, ದೂರದ ಕತ್ತಲು ಯಾರದು? ಕಟ್ಟೆಯ ಮೇಲೆ ಯಾರ ಕೇರಿಯವರಿಗೆ ಜಾಗ ಇತ್ತು? ಗುಡಿಯ ಮೈಕಿನಲ್ಲಿ ಯಾವ ಹಾಡು ಅಂತ ತೀರ್ಮಾನಿಸುತ್ತಿದ್ದವರಲ್ಲಿ ಒಬ್ಬ ಹೆಣ್ಣುಮಗಳಾದರೂ ಇದ್ದಳೇ? ನಮ್ಮ ಹಳ್ಳಿಯ ಕಲೆ ಎಲ್ಲರ ಕಿವಿಗೂ ಬೀಳುತ್ತಿತ್ತು, ಖರೆ. ಆರಿಸುವ ಕೈ ಮಾತ್ರ ಕೆಲವೇ ಜನರದು. ತನಗೆ ಬೇಕಾದ್ದನ್ನು, ತನಗೆ ಬೇಕಾದಷ್ಟು ಸಲ, ಯಾರ ಅಪ್ಪಣೆಯೂ ಇಲ್ಲದೆ ಕೇಳುವುದು ಒಂಟಿತನವೇ ಇರಬಹುದು. ಅಂಥ ಒಂಟಿತನ ಕೂಡ ಎಷ್ಟೋ ಜನರಿಗೆ ಅಲ್ಲಿಯ ತನಕ ಸಿಕ್ಕಿರಲಿಲ್ಲ.

ಅಕ್ಕನ ಸಂಗತಿ ಹೇಳುತ್ತೇನೆ. ಅವಳ ಮನೆಯಲ್ಲಿ ಟಿವಿಯ ರಿಮೋಟು ಭಾವನ ದಿಂಬಿನ ಕೆಳಗೆ. ಟಿವಿಯಲ್ಲಿ ಗಡಿಯಾಚೆಯ ತೆಲುಗು ಸಿನಿಮಾ, ಇಲ್ಲ ಸುದ್ದಿ. ಅವಳಿಗೆ ಏನು ಇಷ್ಟ ಅಂತ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. 2020ರ ಸೆಪ್ಟೆಂಬರ್ 25ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡರು. ಅಂದು ಮಗನ ಫೋನಿನ ತುಂಬ ಅವರದೇ ಹಾಡು. ಅದರಲ್ಲಿ ಒಂದು 'ಉಮಂಡ ಘುಮಂಡ'. ಗದಗಿನ ಪಂಚಾಕ್ಷರ ಗವಾಯಿಗಳ ಮೇಲೆ 1995ರಲ್ಲಿ ಬಂದ ಸಿನಿಮಾದ್ದು, ಹಂಸಲೇಖರ ಸಂಗೀತ, ಎಸ್ಪಿಬಿಯವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು. ಸಾಹಿತ್ಯ ಕನ್ನಡವಲ್ಲ. ಶಾಸ್ತ್ರೀಯ ಸಂಗೀತ ಕಲಿಯದ ಗಾಯಕ ಗವಾಯಿಗಳ ಹಾಡು ಹಾಡಿ ದಕ್ಕಿಸಿಕೊಂಡದ್ದು. ಅಕ್ಕನಿಗೆ ಇದು ಯಾವುದೂ ಗೊತ್ತಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟುಕೊಂಡು ಅದೊಂದೇ ಹಾಡು ಕೇಳತೊಡಗಿದಳು. ತಾನ ಶುರುವಾಗುವ ಕಡೆ ಕೈ ನಿಲ್ಲುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಸೀದರೂ ಸೈ. ಹಿಟ್ಟಿನ ಬೆರಳಲ್ಲೇ ಹಿಂದಕ್ಕೆ ಎಳೆದು ಮತ್ತೆ ಅದೇ ತುಣುಕು. ಸಂಜೆಗೆ ಫೋನಿನ ಗಾಜಿನ ಮೇಲೆ ಎಡಗಡೆಗೆ ಮಾತ್ರ ಹಿಟ್ಟಿನ ಗೆರೆಗಳು, ಬಲಗಡೆ ಸ್ವಚ್ಛ. ಮುಂದಿನ ಹಾಡು ಅವಳಿಗೆ ಬೇಕೇ ಇರಲಿಲ್ಲ.

"ಏನ್ ತಿಳೀತದ ಅದರಾಗ?" ಅಂತ ಭಾವ ಕೇಳಿದರು. "ನಿಮಗ ತೆಲುಗು ತಿಳೀತದೇನು?" ಅಂದಳು.

ಇದಕ್ಕೆ ಟೈಂಪಾಸ್ ಅನ್ನಲೇ? ಬೆಳಿಗ್ಗೆ ಐದಕ್ಕೆ ಎದ್ದು ಹತ್ತಿ ಬಿಡಿಸಲು ಹೋಗುವವಳಿಗೆ ಪಾಸು ಮಾಡಲು ಟೈಮು ಎಲ್ಲಿತ್ತು? ಲಾಕ್‌ಡೌನ್ ಎಲ್ಲರಿಗೂ ಬಿಡುವು ಕೊಟ್ಟಿತು ಅನ್ನುವುದೇ ಮೊದಲ ಸುಳ್ಳು. ಗಂಡಸರು ಮನೆ ಹಿಡಿದದ್ದರಿಂದ ಅವಳಿಗೆ ದಿನಕ್ಕೆ ಹತ್ತು ರೊಟ್ಟಿ ಹೆಚ್ಚಾಗಿದ್ದವು. ಅವಳಿಗೆ ಸಿಕ್ಕದ್ದು ಬಿಡುವಲ್ಲ, ಮನೆಯಲ್ಲಿ ಉಳಿದುಹೋದ ಒಂದು ಫೋನು. ಮಗ ಪುಣೆಯಲ್ಲೇ ಇದ್ದಿದ್ದರೆ ಅದೂ ಇರುತ್ತಿರಲಿಲ್ಲ. ಕೆಲಸದ ನಡುವೆಯೇ, ಕೆಲಸ ಕೆಡಿಸಿಕೊಂಡೇ ಅವಳು ಆ ಹಾಡಿಗೆ ಜಾಗ ಮಾಡಿದಳು. ಹುಚ್ಚು ಅಂದರೆ ಇದೇ. ನಗರದ ಗೆಳೆಯರು ನೋಡಿದ ಸಿನಿಮಾಗಳ ಪಟ್ಟಿ ಹಾಕಿ, ಮುನ್ನೂರು ದಾಟಿತು ಅಂತ ಹೇಳಿಕೊಳ್ಳುವಾಗ ನನಗೆ ಈ ಒಂದು ಹಾಡಿನ ಲೆಕ್ಕ ನೆನಪಾಗುತ್ತದೆ.

ಕಹಿಯೂ ಇದೆ, ಮುಚ್ಚಿಡುವುದಿಲ್ಲ. ಆ ಮೇ ತಿಂಗಳ ಎರಡನೇ ವಾರದ ತನಕ ಯಾದಗಿರಿ ಜಿಲ್ಲೆಯಲ್ಲಿ ಒಂದು ಕೊರೊನಾ ಪ್ರಕರಣವೂ ಇರಲಿಲ್ಲ. ಮಹಾರಾಷ್ಟ್ರದಿಂದ ದುಡಿಯುವವರು ವಾಪಸಾದ ಮೇಲೆ ಜಿಲ್ಲೆ ರಾಜ್ಯದ ಪಟ್ಟಿಯ ಮೇಲ್ಸಾಲಿಗೆ ಏರಿತು. ಬಂದವರನ್ನು ಸ್ವಂತ ಊರೇ ರೋಗದಂತೆ ನೋಡಿತು. ನಮ್ಮ ಹುಡುಗ ಮಾಳಿಗೆ ಬಿಟ್ಟು ಇಳಿಯದೇ ಇದ್ದದ್ದಕ್ಕೆ ಸಿಗ್ನಲ್ ಒಂದೇ ಕಾರಣವಲ್ಲ, ಇಳಿದರೆ ಓಣಿಯ ಬಾಗಿಲುಗಳು ಮುಚ್ಚುತ್ತಿದ್ದವು. ಅವನನ್ನು ಮೊಬೈಲಿಗೆ ತಳ್ಳಿದವರೇ, ಮೊಬೈಲಿಗೆ ಬಿದ್ದ ಅಂತ ದೂರಿದರು. ಆ ದೂರಿನವರ ಸಾಲಿನಲ್ಲಿ ನಿಂತು ಫೋನು ಕಸಿದವನು ನಾನು, ಅವನ ಮಾಮಾ.

ಈಗ ಅವನು ಮತ್ತೆ ಪುಣೆಯಲ್ಲಿದ್ದಾನೆ. ಹಳೆಯ ಫೋನು ಅಕ್ಕನ ಹತ್ತಿರ ಉಳಿದಿದೆ, ಗಾಜು ಒಡೆದಿದೆ. ಬಯಲಾಟ ಮತ್ತೆ ಶುರುವಾದ ಮೇಲೆ ಒಂದು ರಾತ್ರಿ ನಾನೂ ಹೋಗಿದ್ದೆ. ಹೆಂಗಸರು ಕೂಡುವ ಕಡೆ, ಸ್ವಲ್ಪ ಹಿಂದೆ, ಅಕ್ಕ ಕೂತಿದ್ದಳು. ಹಾರ್ಮೋನಿಯಂ ಎತ್ತಿಕೊಂಡಿತು, ಹಾಡುವವ ದನಿ ತೆಗೆದ, ಜನ ಕೇಕೆ ಹಾಕಿದರು. ಅಕ್ಕ ಪಕ್ಕದವಳ ಕಡೆ ವಾಲಿ ಅಂದದ್ದು ನನಗೂ ಕೇಳಿಸಿತು:

"ಇವ ಸುರ ಕೆಳಗ ಹಿಡದಾನ. ಮ್ಯಾಲಿಂದು ಮುಟ್ಟಂಗಿಲ್ಲ ನೋಡು."