ರಾಜನ ಶೌಚದಿಂದ ಶುರುವಾಗುವ ಇತಿಹಾಸ

ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದಲ್ಲಿ ಒಂದು ಹುದ್ದೆಯಿತ್ತು. ದೊರೆ ಶೌಚಕ್ಕೆ ಕೂತಾಗ ಜತೆಗಿದ್ದು ಬೇಕಾದ್ದನ್ನೆಲ್ಲ ಒದಗಿಸುವ ಕೆಲಸ. ಹತ್ತು ವರ್ಷದ ಮಗುವಿಗೆ ಇದನ್ನು ಹೇಳಿ ನೋಡಿ. ಮೊದಲು ‘ಛೀ’ ಅನ್ನುತ್ತದೆ, ಆಮೇಲೆ ಬಿದ್ದು ಬಿದ್ದು ನಗುತ್ತದೆ. ನಕ್ಕು ಸುಸ್ತಾದ ಮೇಲೆ, ಆ ಕೆಲಸಕ್ಕೆ ಯಾರಾದರೂ ಒಪ್ಪುತ್ತಿದ್ದರಾ ಎಂದು ಕೇಳುತ್ತದೆ. ಒಪ್ಪುವುದೇನು, ಆಸ್ಥಾನಿಕರು ಅದಕ್ಕಾಗಿ ಆಸೆಪಡುತ್ತಿದ್ದರು. ಸುತ್ತ ಯಾರೂ ಇಲ್ಲದ ಹೊತ್ತಲ್ಲಿ ದೊರೆಯ ಕಿವಿಗೆ ಮಾತು ಹಾಕುವ ಅವಕಾಶ ಮತ್ತೆ ಯಾರಿಗುಂಟು? ಆ ಹುದ್ದೆಯಲ್ಲಿದ್ದ ಸರ್ ಹೆನ್ರಿ ನಾರಿಸ್, ರಾಣಿ ಆ್ಯನ್ ಬೊಲಿನ್ ಜತೆ ಸಂಬಂಧವಿತ್ತೆಂಬ ಆರೋಪ ಹೊತ್ತು 1536ರಲ್ಲಿ ತಲೆದಂಡ ತೆತ್ತ. ‘ಛೀ’ಯಿಂದ ಹೊರಟ ಮಗು ಐದೇ ನಿಮಿಷದಲ್ಲಿ ಅರಮನೆಯ ರಾಜಕಾರಣದ ನಡುಮನೆಗೆ ಬಂದು ನಿಂತಿರುತ್ತದೆ.

ಮಕ್ಕಳಿಗಾಗಿ ನಗಿಸುತ್ತ ಇತಿಹಾಸ ಹೇಳುವ ಚಿತ್ರಪುಸ್ತಕಗಳನ್ನು ನಾನು ಅಳೆಯುವುದು ಇದೇ ಅಳತೆಗೋಲಿನಿಂದ. ನಗು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ನೋಡುತ್ತೇನೆ. ನಕ್ಕಲ್ಲೇ ಬಿಟ್ಟುಹೋದರೆ ಅದು ಬರೀ ಜೋಕಿನ ಪುಸ್ತಕ.

ಈ ಬಗೆಯ ಬರವಣಿಗೆಗೆ ಬ್ರಿಟನ್ನಿನಲ್ಲಿ ಹಳೆಯ ಬೇರುಗಳಿವೆ. ವಿಕ್ಟೋರಿಯಾ ಕಾಲದಲ್ಲೇ ಗಿಲ್ಬರ್ಟ್ ಆಬಟ್ ಅ ಬೆಕೆಟ್ ಇಂಗ್ಲೆಂಡ್ ಮತ್ತು ರೋಮಿನ ಹಾಸ್ಯ ಇತಿಹಾಸಗಳನ್ನು ಬರೆದ. ಎರಡಕ್ಕೂ ಚಿತ್ರ ಬರೆದವನು ‘ಪಂಚ್’ ಪತ್ರಿಕೆಯ ಜಾನ್ ಲೀಚ್. ಪ್ರಾಚೀನ ರೋಮನ್ನರ ತಲೆಗೆ ತನ್ನ ಕಾಲದ ಟಾಪ್ ಹ್ಯಾಟ್ ತೊಡಿಸುವ ಕುಶಾಲು ಅವನದು. 1930ರಲ್ಲಿ ಸೆಲ್ಲರ್ ಮತ್ತು ಯೇಟ್‌ಮನ್ ಬರೆದ ‘1066 ಆ್ಯಂಡ್ ಆಲ್ ದಟ್’ ಬಂತು. ಶಾಲೆಯಲ್ಲಿ ಉರು ಹೊಡೆದದ್ದರಲ್ಲಿ ದೊಡ್ಡವರಾದ ಮೇಲೆ ಅರೆಬರೆಯಾಗಿ ಉಳಿದಿರುವುದೇ ಇತಿಹಾಸ ಎಂದು ಹಟ ಹಿಡಿಯುವ ಪುಸ್ತಕ ಅದು. ನೆನಪಿಡಬೇಕಾದ ಇಸವಿಗಳು ಎರಡೇ ಎಂದು ಸಾರುತ್ತದೆ. ನನಗೆ ಬಲು ಪ್ರಿಯವಾದದ್ದು, ಆದರೆ ಮಕ್ಕಳಿಗೆ ಕೊಡಲಾರೆ. ಪಾಠ ಗೊತ್ತಿದ್ದವರಿಗಷ್ಟೇ ಅದರಲ್ಲಿ ನಗು ಹುಟ್ಟುತ್ತದೆ.

ಏನೂ ಗೊತ್ತಿಲ್ಲದ ಮಗುವನ್ನೇ ಎದುರಿಗೆ ಕೂರಿಸಿಕೊಂಡು ಬರೆದವನು ಟೆರಿ ಡಿಯರಿ. ಸಂಡರ್‌ಲ್ಯಾಂಡ್‌ನವನು, ನಟನಾಗಿದ್ದವನು, ಇತಿಹಾಸದ ಪಂಡಿತನಲ್ಲ. ಪ್ರಕಾಶಕರು ಅವನಿಂದ ಮೊದಲು ಬಯಸಿದ್ದು ಇತಿಹಾಸದ ಜೋಕುಗಳನ್ನು. ನಡುನಡುವೆ ಒಂದಿಷ್ಟು ಸಂಗತಿಗಳಿದ್ದರೆ ಸಾಕಿತ್ತು. ಹುಡುಕುತ್ತ ಹೋದಂತೆ ಜೋಕಿಗಿಂತ ಸಂಗತಿಗಳೇ ಸ್ವಾರಸ್ಯವಾಗಿ ಕಂಡು ಲೆಕ್ಕ ತಿರುಗುಮುರುಗಾಯಿತು. ಹಾಗೆ 1993ರಲ್ಲಿ ‘ಹಾರಿಬಲ್ ಹಿಸ್ಟರೀಸ್’ ಮಾಲೆ ಟ್ಯೂಡರ್ ದೊರೆಗಳು ಮತ್ತು ಈಜಿಪ್ಟಿನವರ ಪುಸ್ತಕಗಳಿಂದ ಆರಂಭವಾಯಿತು. 2009ರಿಂದ ಬಿಬಿಸಿಯ ಮಕ್ಕಳ ವಾಹಿನಿಯಲ್ಲಿ ಹಾಡು, ಪ್ರಹಸನಗಳಾಗಿಯೂ ಬಂತು. ಅದೂ ಚೆನ್ನಾಗಿದೆ. ಆದರೂ ನನ್ನ ಮನಸ್ಸು ಪುಸ್ತಕದ ಕಡೆಗೇ.

ಕಾರಣ ಮಾರ್ಟಿನ್ ಬ್ರೌನ್. ಆಸ್ಟ್ರೇಲಿಯಾದಿಂದ ಬಂದ ಈ ಚಿತ್ರಕಾರನ ಕಪ್ಪು ಶಾಯಿಯ ಗೆರೆಗಳು ತುಸು ನಡುಗಿದಂತಿರುತ್ತವೆ. ದಪ್ಪ ಮೂಗು, ಕಣ್ಣರಳಿಸಿದ ಮುಖ. ಅಕ್ಷರಗಳ ಸಂದಿಯಲ್ಲಿ ನಿಂತ ಗುಲಾಮನೋ ಸಿಪಾಯಿಯೋ ಮೇಲೆ ಬರೆದದ್ದಕ್ಕೆ ಕೆಳಗಿನಿಂದ ಒಂದು ಮಾತು ಸೇರಿಸುತ್ತಾನೆ. ಪಠ್ಯಪುಸ್ತಕದಲ್ಲಿ ಬಾಯೇ ಇಲ್ಲದ ಜನಕ್ಕೆ ಈ ಪುಟಗಳಲ್ಲಿ ಬಾಯಿ ಬಂದಿದೆ. ಇದನ್ನು ನಾನು ಅಲಂಕಾರ ಎಂದು ಕರೆಯಲಾರೆ. ಪುಸ್ತಕದ ನ್ಯಾಯ ಇರುವುದೇ ಅಲ್ಲಿ.

ರೋಮನ್ನರ ಮೂತ್ರದ ಸಂಗತಿ ತೆಗೆದುಕೊಳ್ಳಿ. ಹಳಸಿದ ಮೂತ್ರದಲ್ಲಿ ಅಮೋನಿಯ ಹುಟ್ಟುತ್ತದೆ, ಅದು ಬಟ್ಟೆಯ ಜಿಡ್ಡು ಬಿಡಿಸುತ್ತದೆ. ಹಾಗಾಗಿ ರೋಮಿನ ಅಗಸರು ಅದನ್ನು ತೊಟ್ಟಿಗೆ ತುಂಬಿ, ಬಟ್ಟೆ ಹಾಕಿ, ಕಾಲಿನಿಂದ ತುಳಿಯುತ್ತಿದ್ದರು. ಚಕ್ರವರ್ತಿ ವೆಸ್ಪಾಸಿಯನ್ ಅದಕ್ಕೂ ತೆರಿಗೆ ಹಾಕಿದ. ಮಗ ಟೈಟಸ್ ಹೇಸಿಕೊಂಡಾಗ ನಾಣ್ಯವನ್ನು ಅವನ ಮೂಗಿಗೆ ಹಿಡಿದು, ವಾಸನೆ ಬರುತ್ತದೆಯೇ ಎಂದು ಕೇಳಿದನಂತೆ. ರಸಾಯನ ಶಾಸ್ತ್ರ, ಕಸುಬು, ತೆರಿಗೆ, ಅಪ್ಪ-ಮಗನ ಜಗಳ ಎಲ್ಲವೂ ಒಂದೇ ತೊಟ್ಟಿಯಲ್ಲಿವೆ. ದಿನವಿಡೀ ಅದರಲ್ಲಿ ಕಾಲಿಟ್ಟು ನಿಲ್ಲುತ್ತಿದ್ದವನು ಟೈಟಸ್ ಅಲ್ಲ ಎಂಬುದನ್ನು ಮಗು ತಾನಾಗಿಯೇ ಕಾಣುತ್ತದೆ.

ಎಡವುವ ಜಾಗಗಳೂ ಇವೆ. ರಕ್ತ, ಹೇಸಿಗೆಗಳ ಬೆನ್ನು ಹತ್ತಿ ಹೋದರೆ ಹಿಂದಿನವರೆಲ್ಲ ಕ್ರೂರಿಗಳು, ಕೊಳಕರು ಎಂಬ ಭಾವನೆ ಮಗುವಿನಲ್ಲಿ ಉಳಿದುಬಿಡುತ್ತದೆ. ಮಾಲೆಯ ಎಲ್ಲ ಪುಸ್ತಕಗಳೂ ಇದನ್ನು ದಾಟಿಲ್ಲ. ಯಾರನ್ನು ನೋಡಿ ನಗುತ್ತೇವೆ ಎಂಬುದು ಇನ್ನೂ ನಾಜೂಕಿನ ವಿಷಯ. ಬ್ರಿಟನ್ನಿನಲ್ಲಿ ಹೊಗೆಗೂಡು ಗುಡಿಸಲು ಪುಟ್ಟ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಹೊಗೆಗೂಡಿನಲ್ಲಿ ಸಿಕ್ಕಿ ಸತ್ತ ಮೇಲೆಯೇ ಕಟ್ಟುನಿಟ್ಟಾದ ಕಾಯ್ದೆ ಬಂತು. ಇಲ್ಲಿ ಹುಡುಗನ ಮಸಿ ಮುಖ ನೋಡಿ ನಗಿಸುವ ಚಿತ್ರಕಾರನನ್ನು ನಾನು ಕ್ಷಮಿಸಲಾರೆ. ಹತ್ತಿಸಿದ ಯಜಮಾನನ ಹೊಟ್ಟೆ, ಟೋಪಿಗಳನ್ನು ಎಷ್ಟು ಬೇಕಾದರೂ ಗೇಲಿ ಮಾಡಲಿ. ಮೊದಲ ಮಹಾಯುದ್ಧದ ವಿಚಾರದಲ್ಲಿ ಆ ಸೈನಿಕರೇ ದಾರಿ ತೋರಿಸಿದ್ದಾರೆ. 1916ರಲ್ಲಿ ಈಪ್ರ್ ಊರಿನ ಪಾಳುಕಟ್ಟಡದಲ್ಲಿ ಸಿಕ್ಕ ಮುದ್ರಣಯಂತ್ರದಲ್ಲಿ ಅವರು ‘ವೈಪರ್ಸ್ ಟೈಮ್ಸ್’ ಎಂಬ ಹಾಸ್ಯಪತ್ರಿಕೆ ಅಚ್ಚು ಹಾಕುತ್ತಿದ್ದರು. ಹೇನು, ಇಲಿ, ಕೆಸರಿನ ನಡುವೆ ಇದ್ದವರು ತಾವೇ ಮಾಡಿದ ತಮಾಷೆ ಅದು.

ಮನೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳಿದ್ದರೆ ಒಂಬತ್ತು-ಹತ್ತರ ವಯಸ್ಸಿಗೆ ಡಿಯರಿಯ ಮಾಲೆಯಿಂದ ರೋಮನ್ನರ ಅಥವಾ ಟ್ಯೂಡರ್‌ಗಳ ಪುಸ್ತಕ ಕೊಡಿ. ಮಹಾಯುದ್ಧದ ಪುಸ್ತಕಗಳು ಎರಡು ವರ್ಷ ಕಾಯಲಿ.

ಕನ್ನಡದಲ್ಲಿ ಇಂಥದೊಂದು ಮಾಲೆ ಬರಲಿ ಎಂಬ ಆಸೆ ನನಗೆ ತೀವ್ರವಾಗಿದೆ. ಸಾಮಗ್ರಿಗೇನು ಬರವಿಲ್ಲ. ಕೃಷ್ಣದೇವರಾಯ ಎಂದೊಡನೆ ತಿರುಪತಿಯಲ್ಲಿ ಕೈಮುಗಿದು ನಿಂತ ವಿಗ್ರಹ ಕಣ್ಣಿಗೆ ಬರುತ್ತದೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಾಣಿಸುವ ರಾಯ ಬೇರೆಯೇ. ಬೆಳಕು ಹರಿಯುವ ಮುನ್ನ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ, ಮೈಗೆಲ್ಲ ಅದನ್ನೇ ಬಳಿದುಕೊಳ್ಳುತ್ತಾನೆ, ಮಣ್ಣಿನಲ್ಲಿ ಮಾಡಿದ ಭಾರಗಳನ್ನೆತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸುತ್ತಾನೆ. ಆಮೇಲೆ ಜಟ್ಟಿಯೊಡನೆ ಕುಸ್ತಿ, ಕುದುರೆ ಸವಾರಿ, ಕೊನೆಗೆ ಸ್ನಾನ. ರಾಯನ ಮುಖದಲ್ಲಿ ಸಿಡುಬಿನ ಕಲೆಗಳಿದ್ದವೆಂದೂ ಪಾಯಸ್ ಬರೆದಿದ್ದಾನೆ. ಬರೆಯುವವರಿಗೆ ಇಷ್ಟು ಸಾಕು. ಚಿತ್ರ ತೆಗೆಯುವವರಿಗೆ ಸಾಲದು. ಆ ಮಣ್ಣಿನ ಭಾರಕ್ಕೆ ಹಿಡಿ ಇತ್ತೇ, ಎಣ್ಣೆ ಯಾವ ಬಟ್ಟಲಿನಲ್ಲಿ ಬರುತ್ತಿತ್ತು, ಅಷ್ಟು ಹೊತ್ತಿಗೇ ಎದ್ದು ದೀಪ ಹಿಡಿದು ನಿಂತವನು ಯಾರು, ರಾಯನ ಜತೆ ಕುಸ್ತಿಗಿಳಿದ ಜಟ್ಟಿಗೆ ಗೆಲ್ಲುವ ಧೈರ್ಯ ಇತ್ತೇ ಎಂದೆಲ್ಲ ಅವರು ಹಂಪಿಯ ಕಲ್ಲುಗಳ ಮುಂದೆ ಕೂತು ಹುಡುಕಬೇಕಾಗುತ್ತದೆ.