ಶುಶ್ರೂಷೆಯ ಅರ್ಥ ಮತ್ತು ಒಂದು ಸಾಕ್ಷ್ಯಚಿತ್ರ

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ಧರ್ಮವನ್ನು ಬೋಧಿಸುವಾಗ ಮೊದಲು ಹೇಳುವುದು ತಾಯಿತಂದೆಗಳ ಶುಶ್ರೂಷೆಯನ್ನು. ಶುಶ್ರೂಷೆಯೆಂದರೆ ರೋಗಿಯ ಉಪಚಾರವೆಂದಷ್ಟೇ ನಾವಿಂದು ತಿಳಿಯುತ್ತೇವೆ. ಆ ಪದದ ಮೂಲಾರ್ಥ ‘ಕೇಳುವ ಇಚ್ಛೆ’. ಮರೆತುಹೋದ ಈ ಅರ್ಥವನ್ನು ನೆನಪಿಗೆ ತರುವ ಕೃತಿ, ಅಮೆರಿಕದ ಆಂಡಿ ಟಿಮೋನರ್ ಎಂಬ ನಿರ್ದೇಶಕಿ ತಮ್ಮ ತಂದೆಯ ಅಂತ್ಯಕಾಲವನ್ನು ಕುರಿತು ನಿರ್ಮಿಸಿದ ‘ಲಾಸ್ಟ್ ಫ್ಲೈಟ್ ಹೋಮ್’ (2022) ಎಂಬ ಸಾಕ್ಷ್ಯಚಿತ್ರ.

ತಂದೆ ಈಲೈ ಟಿಮೋನರ್ 1970ರ ದಶಕದಲ್ಲಿ ಏರ್ ಫ್ಲೋರಿಡಾ ವಿಮಾನಸಂಸ್ಥೆಯನ್ನು ಕಟ್ಟಿ ಬೆಳೆಸಿದವರು. 1982ರಲ್ಲಿ ಪಾರ್ಶ್ವವಾಯು ಬಡಿಯಿತು. ಉದ್ಯಮವೂ ಐಶ್ವರ್ಯವೂ ಕೈಬಿಟ್ಟವು. 2021ರಲ್ಲಿ, 92ರ ವಯಸ್ಸಿನಲ್ಲಿ, ದೇಹವು ಸಂಪೂರ್ಣ ಸೋತಾಗ, ಕ್ಯಾಲಿಫೋರ್ನಿಯಾದ ಕಾನೂನಿನಂತೆ ವೈದ್ಯರು ಬರೆದುಕೊಡುವ ಔಷಧಿಯನ್ನು ಸೇವಿಸಿ ಪ್ರಾಣ ಬಿಡಲು ಅವರು ನಿಶ್ಚಯಿಸಿದರು. ಆ ಕಾನೂನು ಅಂದು ವಿಧಿಸಿದ್ದ 15 ದಿನಗಳ ನಿರೀಕ್ಷಣೆಯೇ ಚಿತ್ರದ ಕಥಾಕಾಲ.

ಮುದುಕರನ್ನು ಬಾಧಿಸುತ್ತಿದ್ದುದು ರೋಗವೊಂದೇ ಅಲ್ಲ. ಸಂಸಾರವನ್ನು ಬಡತನಕ್ಕೆ ನೂಕಿದೆನೆಂಬ ಲಜ್ಜೆಯನ್ನು ಅವರು ಸುಮಾರು 40 ವರ್ಷ ಹೊತ್ತಿದ್ದರು. ಯೆಹೂದಿ ಧರ್ಮಗುರುವಾಗಿರುವ ಇನ್ನೊಬ್ಬ ಮಗಳು ರೇಚಲ್ ಅದನ್ನು ಬಾಯಿಬಿಟ್ಟು ಹೇಳಿಸುತ್ತಾರೆ. ಮನೆಮಂದಿ ಕೇಳಿಸಿಕೊಂಡು ಆ ಭಾರವನ್ನಿಳಿಸುತ್ತಾರೆ. ಇಡೀ ಚಿತ್ರದ ಸಾರ್ಥಕತೆ ಇಲ್ಲಿದೆ. ಚಳ್ಳಕೆರೆಯ ಪೇಟೆಯಲ್ಲಾಗಲಿ ನಮ್ಮ ಹಳ್ಳಿಗಳಲ್ಲಾಗಲಿ, ಹಾಸಿಗೆ ಹಿಡಿದ ಹಿರಿಯರು ಏನನ್ನೋ ಹೇಳಹೊರಟರೆ ‘ಏನೂ ಆಗೋದಿಲ್ಲ ಸುಮ್ಮನಿರಪ್ಪ’ ಎಂದು ನಾವು ತಡೆಯುತ್ತೇವೆ. ಅದು ಪ್ರೀತಿಯೇ ನಿಜ. ಆದರೆ ಅವರ ಮಾತು ಅವರೊಂದಿಗೇ ಮಣ್ಣಾಗುತ್ತದೆ.

ಚಿತ್ರದಲ್ಲಿ ದೋಷವಿಲ್ಲದಿಲ್ಲ. ಔಷಧಿ ಕುಡಿಯುವ ಗಳಿಗೆಯಲ್ಲಿಯೂ ಕ್ಯಾಮೆರಾ ಹಿಂದೆ ಸರಿಯುವುದಿಲ್ಲ. ತಂದೆಯ ಒಪ್ಪಿಗೆಯಿದ್ದರೂ, ಆ ಗಳಿಗೆ ಮನೆಯವರದು, ಪ್ರೇಕ್ಷಕರದಲ್ಲ. ಅಂಥ ಮರಣಕ್ಕೆ ನಮ್ಮ ದೇಶದ ಕಾನೂನು ಅವಕಾಶ ಕೊಟ್ಟಿಲ್ಲ; ಗುಣವಾಗದ ರೋಗಿಗೆ ಕೃತಕ ಜೀವಾಧಾರವನ್ನು ನಿಯಮಾನುಸಾರ ಹಿಂತೆಗೆಯುವುದನ್ನು ಮಾತ್ರ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮಾನ್ಯಮಾಡಿತು. ಈಲೈ ಅವರ ನಿರ್ಧಾರವನ್ನು ಒಪ್ಪದವರೂ ಆ ಮಕ್ಕಳ ಆಲಿಸುವಿಕೆಯನ್ನು ಒಪ್ಪಬಹುದು.

ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬುದು ನಮ್ಮ ನಾಣ್ಣುಡಿ. ಮಕ್ಕಳ ಗುಣವೂ ಹೆತ್ತವರ ಮರಣದಲ್ಲಿಯೇ ತಿಳಿಯುವುದು. ಅದಕ್ಕೆ ಕ್ಯಾಮೆರಾ ಬೇಕಿಲ್ಲ. ಮಂಚದ ಬಳಿ ಕುಳಿತು, ‘ಹೇಳಪ್ಪ, ಕೇಳುತ್ತೇನೆ’ ಎನ್ನುವಷ್ಟು ವ್ಯವಧಾನ ಸಾಕು.